ಸೊನ್ನೆ ಬಡ್ಡಿಯ ಸಾಲ, ಮೂರು ರೂಪಾಯಿ ಬಡ್ಡಿಯ ಬದುಕು

ಮಂಡ್ಯ ಜಿಲ್ಲೆಯ ಒಂದೇ ಊರಿನಲ್ಲಿ, ಒಂದೇ ತಿಂಗಳಿನಲ್ಲಿ, ನೂರು ರೂಪಾಯಿ ಸಾಲಕ್ಕೆ ಐದಾರು ಬೆಲೆಗಳಿವೆ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ, ಊರವರ ಬಾಯಲ್ಲಿ ಸೊಸೈಟಿಯಲ್ಲಿ, ಬೆಳೆ ಸಾಲಕ್ಕೆ ಬಡ್ಡಿ ಸೊನ್ನೆ. ಬ್ಯಾಂಕಿನ ಕಿಸಾನ್ ಕಾರ್ಡಿಗೆ ವರ್ಷಕ್ಕೆ ಶೇ 7, ಗಡುವಿನೊಳಗೆ ಕಟ್ಟಿದರೆ ಶೇ 4. ಒಡವೆ ಅಡವಿಟ್ಟರೆ ಬ್ಯಾಂಕಿನಲ್ಲಿ ಶೇ 9ರ ಆಸುಪಾಸು, ಖಾಸಗಿ ಗಿರವಿ ಅಂಗಡಿಯಲ್ಲಿ ಅದರ ದುಪ್ಪಟ್ಟೂ ಆಗಬಹುದು. ವಾರದ ಕಂತಿನ ಮೈಕ್ರೋಫೈನಾನ್ಸ್ ಸಾಲಕ್ಕೆ ಶೇ 22ರಿಂದ 26. ಇನ್ನು ಕೈಸಾಲವೆಂದರೆ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ, ಮೂರು ರೂಪಾಯಿ, ಗಂಟಲಿಗೆ ಬಂದಾಗ ಐದು ರೂಪಾಯಿ; ವರ್ಷದ ಲೆಕ್ಕಕ್ಕೆ ತಂದರೆ ಶೇ 24, 36, 60. ಇಷ್ಟರಲ್ಲಿ ಮಂಡ್ಯದ ರೈತನ ಬಡ್ಡಿ ಯಾವುದು? ವಿಧಾನಸೌಧದ ಉತ್ತರ ಸೊನ್ನೆ. ಊರಿನ ಅರಳಿಕಟ್ಟೆಯ ಉತ್ತರ ಮೂರು ರೂಪಾಯಿ. ಎರಡೂ ಸುಳ್ಳಲ್ಲ, ಆದರೆ ಎರಡೂ ಅಪೂರ್ಣ. ಸಾಲದ ಭಾರವನ್ನು ಅಳೆಯಲು ದರದ ಜೊತೆಗೆ ಇನ್ನೆರಡು ಸಂಗತಿ ಬೇಕು. ಸಾಲ ತೀರಿಸುವ ಹೊತ್ತಿಗೆ ಬೆಳೆದದ್ದರ ಬೆಲೆ ಏನಾಗಿತ್ತು, ಮತ್ತು ಬೆಳೆದದ್ದರ ಹಣ ಯಾವ ದಿನ ಕೈಗೆ ಬಂತು. ಮಂಡ್ಯ, ಮದ್ದೂರು, ಮಳವಳ್ಳಿಗಳ ನೂರು ವರ್ಷದ ಸಾಲದ ಕಥೆಯನ್ನು ಈ ಎರಡರ ಬೆಳಕಿನಲ್ಲಿ ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ: ಇಲ್ಲಿ ಬಡ್ಡಿ ಇಳಿಸುವುದಕ್ಕಿಂತ ದುಡ್ಡು ಹೊತ್ತಿಗೆ ಸಿಗುವಂತೆ ಮಾಡುವುದು ದೊಡ್ಡ ಪರಿಹಾರ, ಅಗ್ಗದ ಪರಿಹಾರವೂ ಹೌದು.

ಅರ್ಥಶಾಸ್ತ್ರದಲ್ಲಿ ನೈಜ ಬಡ್ಡಿದರ ಎಂದು ಕರೆಯುವ ಲೆಕ್ಕ ಕಷ್ಟದ್ದೇನಲ್ಲ. ಪತ್ರದಲ್ಲಿ ಬರೆದ ಬಡ್ಡಿಯಿಂದ ಬೆಲೆ ಏರಿಕೆಯನ್ನು ಕಳೆದರೆ ಉಳಿಯುವುದೇ ಹೆಚ್ಚುಕಡಿಮೆ ನೈಜ ಬಡ್ಡಿ. ಶೇ 7ರ ಸಾಲ ಇದ್ದು ಬೆಲೆಗಳು ವರ್ಷಕ್ಕೆ ಶೇ 5ರಷ್ಟು ಏರುತ್ತಿದ್ದರೆ ನಿಜವಾದ ಬಡ್ಡಿ ಶೇ 2. ಬೆಲೆಗಳು ಶೇ 10ರಷ್ಟು ಏರಿದರೆ ಸಾಲಗಾರನಿಗೇ ಶೇ 3ರ ಲಾಭ. ಬೆಲೆಗಳು ಇಳಿದರೆ ಮಾತ್ರ ಕಥೆ ತಿರುಗಿಬೀಳುತ್ತದೆ. ಆಗ ಪತ್ರದ ಬಡ್ಡಿಯ ಮೇಲೆ ಬೆಲೆ ಕುಸಿತವೂ ಸೇರಿ ಸಾಲ ಊದಿಕೊಳ್ಳುತ್ತದೆ. ಈ ವ್ಯತ್ಯಾಸವನ್ನು ಶಾಸ್ತ್ರೀಯವಾಗಿ ವಿವರಿಸಿದ ಅಮೆರಿಕದ ಇರ್ವಿಂಗ್ ಫಿಷರ್ 1896ರ ತನ್ನ ಅಧ್ಯಯನದಲ್ಲಿ ಪುರಾವೆಗಾಗಿ ನೋಡಿದ್ದು ಭಾರತ ಸರ್ಕಾರದ ಸಾಲಪತ್ರಗಳನ್ನು. ಒಂದೇ ಸರ್ಕಾರ ರೂಪಾಯಿಯಲ್ಲೂ ಚಿನ್ನದ ಲೆಕ್ಕದಲ್ಲೂ ಸಾಲ ಎತ್ತಿತ್ತು. ಬೆಳ್ಳಿಯ ರೂಪಾಯಿಯ ಬೆಲೆ ಚಿನ್ನದೆದುರು ಕುಸಿಯುತ್ತಿದ್ದ ಆ ಕಾಲದಲ್ಲಿ ಎರಡು ಪತ್ರಗಳ ಬಡ್ಡಿಯೂ ಬೇರೆಬೇರೆಯಾಗಿತ್ತು. ಯಾವುದರಲ್ಲಿ ಅಳೆಯುತ್ತೇವೆ ಎಂಬುದರ ಮೇಲೆ ಬಡ್ಡಿ ಬದಲಾಗುತ್ತದೆ ಎಂಬುದೇ ಅಲ್ಲಿನ ಪಾಠ. ನಗರದ ಸಂಬಳದಾರ ತನ್ನ ನೈಜ ಬಡ್ಡಿಯನ್ನು ಪೇಟೆಯ ಬೆಲೆ ಸೂಚ್ಯಂಕದಲ್ಲಿ ಅಳೆದರೆ ಸರಿ. ಕಬ್ಬು ಬೆಳೆಯುವವನು ಅದನ್ನು ಕಬ್ಬಿನಲ್ಲಿ ಅಳೆಯಬೇಕು, ಏಕೆಂದರೆ ಅವನು ಸಾಲ ತೀರಿಸುವುದು ಕಬ್ಬಿನಿಂದ.

ತನ್ನದೇ ನಾಣ್ಯವಿಲ್ಲದ ಪುಟ್ಟ ರಾಜ್ಯ

ಹಳೆಯ ಮೈಸೂರು ಸಂಸ್ಥಾನಕ್ಕೆ ತನ್ನದೇ ದಿವಾನರು, ತನ್ನದೇ ಕಾನೂನು, ತನ್ನದೇ ಬಜೆಟ್ ಇದ್ದವು. ತನ್ನದೇ ಹಣನೀತಿ ಇರಲಿಲ್ಲ. ಚಲಾವಣೆಯಲ್ಲಿದ್ದುದು ಬ್ರಿಟಿಷ್ ಇಂಡಿಯಾದ ರೂಪಾಯಿ. ಅದರ ವಿನಿಮಯ ದರ ನಿಗದಿಯಾಗುತ್ತಿದ್ದುದು ಮೈಸೂರಿನ ಹೊರಗೆ. ಹಣದ ಬೆಲೆಯ ಮೇಲೆ ಹಿಡಿತವಿಲ್ಲದ ಇಂಥ ಪುಟ್ಟ ದೇಶ ಬಡ್ಡಿಯ ವಿಷಯದಲ್ಲಿ ಏನು ಮಾಡಬಲ್ಲದು? ಮೈಸೂರು ಮೂರು ದಾರಿ ಹಿಡಿದು ನೋಡಿತು. ಮೊದಲನೆಯದು ಅಗ್ಗದ ಸಾಲ: ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ 1894ರಲ್ಲಿ ಸರ್ಕಾರದ ನೆರವಿನ ಕೃಷಿ ಬ್ಯಾಂಕುಗಳು ಆರಂಭವಾದವು. ಅವು ಬೇರು ಬಿಡಲಿಲ್ಲ. 1905ರಲ್ಲಿ ಸಹಕಾರ ಸಂಘಗಳ ಕಾನೂನು ಬಂತು, 1913ರಲ್ಲಿ ವಿಶ್ವೇಶ್ವರಯ್ಯನವರ ಕಾಲದಲ್ಲಿ ಮೈಸೂರು ಬ್ಯಾಂಕ್ ಹುಟ್ಟಿತು. ಎರಡನೆಯದು ಕಾನೂನಿನ ರಕ್ಷಣೆ: 1928ರಲ್ಲಿ ಕೃಷಿಕರ ಪರಿಹಾರ ಕಾಯ್ದೆ ಬಂತು. ಮೂರನೆಯದು ಬಡ್ಡಿಯನ್ನು ಮುಟ್ಟದೆ, ಭೂಮಿಯ ಹುಟ್ಟುವಳಿಯನ್ನೇ ಹೆಚ್ಚಿಸುವುದು. ಮೂರನೆಯ ದಾರಿಗೆ ಮಂಡ್ಯ ಸೀಮೆಯೇ ಪ್ರಯೋಗಶಾಲೆಯಾಯಿತು.

ಆ ಪ್ರಯೋಗದ ಕಾಲವನ್ನು ಗಮನಿಸಬೇಕು. 1929ರಲ್ಲಿ ಜಗತ್ತಿನ ಮಹಾ ಕುಸಿತ ಶುರುವಾಯಿತು. ಕಲ್ಕತ್ತೆಯ ಸಗಟು ಬೆಲೆ ಸೂಚ್ಯಂಕ 1929ರಲ್ಲಿ 141 ಇದ್ದದ್ದು 1933ರ ಹೊತ್ತಿಗೆ 87ಕ್ಕೆ ಇಳಿಯಿತು, ಅಂದರೆ ನಾಲ್ಕು ವರ್ಷ ಸತತವಾಗಿ ವರ್ಷಕ್ಕೆ ಶೇ 11ಕ್ಕೂ ಮಿಕ್ಕಿದ ಇಳಿಕೆ. 1929ರಲ್ಲಿ ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿಗೆ, ಆ ಕಾಲಕ್ಕೆ ಮರ್ಯಾದಸ್ಥ ದರಕ್ಕೆ, ಸಾಲ ಮಾಡಿದವನನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಪತ್ರದಲ್ಲಿ ಅವನ ಬಡ್ಡಿ ಶೇ 12. ಬೆಲೆ ಇಳಿಕೆಯನ್ನು ಸೇರಿಸಿದರೆ ಅವನು ಕಟ್ಟಿದ ನೈಜ ಬಡ್ಡಿ ಸುಮಾರು ಶೇ 26. ಯಾರೂ ಅವನ ಬಡ್ಡಿ ಏರಿಸಲಿಲ್ಲ, ಯಾವ ಸಾಹುಕಾರನೂ ಹೊಸದಾಗಿ ಕ್ರೂರಿಯಾಗಲಿಲ್ಲ. ರಾಗಿ, ಬೆಲ್ಲಗಳ ಬೆಲೆ ಬಿದ್ದದ್ದರಿಂದಲೇ ಸಾಲ ಎರಡರಷ್ಟು ಭಾರವಾಯಿತು. ಬೆಲೆ ಕುಸಿತ ಸಾಲವನ್ನು ಊದಿಸುತ್ತದೆ, ಊದಿದ ಸಾಲ ಜನರನ್ನು ಸಿಕ್ಕಿದ ಬೆಲೆಗೆ ಮಾರುವಂತೆ ಮಾಡುತ್ತದೆ, ಆ ಮಾರಾಟ ಬೆಲೆಯನ್ನು ಇನ್ನಷ್ಟು ಕೆಡವುತ್ತದೆ ಎಂಬ ಸಿದ್ಧಾಂತವನ್ನು ಅದೇ ಫಿಷರ್ ಪ್ರಕಟಿಸಿದ್ದು 1933ರಲ್ಲಿ. ಮಂಡ್ಯದ ಮೈಸೂರು ಸಕ್ಕರೆ ಕಂಪನಿ, ನಮ್ಮ ಮೈಷುಗರ್, ಸ್ಥಾಪನೆಯಾದದ್ದೂ 1933ರಲ್ಲೇ. ಎರಡರ ಹಿಂದಿದ್ದುದೂ ಅದೇ ಕುಸಿತ.

1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಕೆಲಸ 1930ರ ದಶಕದ ಆರಂಭಕ್ಕೆ ಮುಗಿಯಿತು. ಆಗ ಇರ್ವಿನ್ ನಾಲೆಯೆಂದೂ ಈಗ ವಿಶ್ವೇಶ್ವರಯ್ಯ ನಾಲೆಯೆಂದೂ ಹೆಸರಿನ ಕಾಲುವೆ ಮಂಡ್ಯ, ಮದ್ದೂರು, ಮಳವಳ್ಳಿಯ ಒಣಭೂಮಿಗೆ ನೀರು ತಂದಿತು. ಆದರೆ ನೀರಾವರಿಗೆ ಖರ್ಚು ಮಾಡಿದ ಹಣ ಹಿಂದಿರುಗಬೇಕಾದರೆ ಬೆಲೆ ಕುಸಿಯದ ಬೆಳೆಯೊಂದು ಬೇಕಿತ್ತು. 1932ರಲ್ಲಿ ಭಾರತ ಸರ್ಕಾರ ಆಮದು ಸಕ್ಕರೆಯ ಮೇಲೆ ರಕ್ಷಣಾ ಸುಂಕ ಹಾಕಿತು; ಕೆಲವೇ ವರ್ಷಗಳಲ್ಲಿ ದೇಶದ ಸಕ್ಕರೆ ಕಾರ್ಖಾನೆಗಳ ಸಂಖ್ಯೆ ನೂರು ದಾಟಿತು. ದಿವಾನ್ ಮಿರ್ಜಾ ಇಸ್ಮಾಯಿಲ್ ಮತ್ತು ಕೃಷಿ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅವರಿಗೆ ಅವಕಾಶ ಕಂಡಿತು. 1934ರ ಜನವರಿಯಲ್ಲಿ ಮಂಡ್ಯದಲ್ಲಿ ಕಬ್ಬು ಅರೆಯುವುದು ಶುರುವಾಯಿತು. ಬಡ್ಡಿಯ ಕಣ್ಣಿನಿಂದ ನೋಡಿದರೆ ಇದು ಬಹಳ ಜಾಣ ನಡೆ. ಮೈಸೂರಿಗೆ ಹಣದ ಬೆಲೆ ಬದಲಾಯಿಸುವ ಶಕ್ತಿ ಇರಲಿಲ್ಲ, ಆದರೆ ತನ್ನ ರೈತ ಸಾಲ ತೀರಿಸುವ ಸರಕನ್ನು ಬದಲಾಯಿಸುವ ಶಕ್ತಿ ಇತ್ತು. ಜಗತ್ತಿನ ಬೆಲೆ ಬೀಳುತ್ತಿದ್ದಾಗ ಸುಂಕದ ನೆರಳಿನಲ್ಲಿದ್ದ ಒಂದು ಬೆಳೆಗೆ ರೈತನನ್ನು ಅದು ದಾಟಿಸಿತು. ನೈಜ ಬಡ್ಡಿ ಇಳಿದದ್ದು ಸಾಲದ ಪತ್ರದಲ್ಲಿ ಅಲ್ಲ, ಗದ್ದೆಯಲ್ಲಿ. 1939ರ ಜುಲೈನಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಗುವಷ್ಟು ಬೆಳೆದದ್ದಕ್ಕೆ ಈ ದಾಟುವಿಕೆಯೇ ಬಹುಮಟ್ಟಿಗೆ ಕಾರಣ.

ಕಾರ್ಖಾನೆ ಸಾಲ ಕೊಡುತ್ತಿದ್ದ ಕಾಲ

1954ರಿಂದ 1956ರವರೆಗೆ ಮಂಡ್ಯ ಸುತ್ತಿನ ಎರಡು ಹಳ್ಳಿಗಳಲ್ಲಿ ನೆಲೆಸಿ ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೈನ್ ಅವುಗಳಿಗೆ ವಂಗಲ, ದಲೇನ ಎಂಬ ಕಲ್ಪಿತ ಹೆಸರು ಕೊಟ್ಟರು. ವಂಗಲಕ್ಕೆ ನಾಲೆಯ ನೀರು ಬಂದು ಕಬ್ಬು ಬೆಳೆದರು. ದಲೇನ ಒಣ ಊರಾಗಿಯೇ ಉಳಿದು, ಅಲ್ಲಿನವರು ಮಂಡ್ಯ ಪಟ್ಟಣದ ಕೆಲಸ, ಗಾಡಿ ಬಾಡಿಗೆ, ವ್ಯಾಪಾರಗಳತ್ತ ಹೊರಳಿದರು. 1970ರಲ್ಲಿ ಅವರು ಮತ್ತೆ ಬಂದು ಏನು ಬದಲಾಗಿದೆಯೆಂದು ನೋಡಿದರು. ಸಾಲದ ದೃಷ್ಟಿಯಿಂದ ಆ ಕಾಲದ ಮುಖ್ಯ ಸಂಗತಿಯೆಂದರೆ, ಕಾರ್ಖಾನೆ ಕಬ್ಬು ಬೆಳೆಗಾರನೊಂದಿಗೆ ಒಪ್ಪಂದ ಮಾಡಿಕೊಂಡು ಗೊಬ್ಬರವನ್ನು ಕಡವಾಗಿ ಕೊಟ್ಟು ಕಬ್ಬಿನ ಬಿಲ್ಲಿನಲ್ಲಿ ಮುರಿದುಕೊಳ್ಳುತ್ತಿತ್ತು. ಅಂದರೆ ಸಾಲ ಕಾರ್ಖಾನೆಯಿಂದ ರೈತನತ್ತ ಹರಿಯುತ್ತಿತ್ತು. ದೇಶದ ಉಳಿದೆಡೆ ಆಗ ಪರಿಸ್ಥಿತಿ ಹೇಗಿತ್ತೆಂದರೆ, 1951–52ರ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯ ಪ್ರಕಾರ ರೈತರ ಸಾಲದಲ್ಲಿ ಸಹಕಾರ ಸಂಘಗಳ ಪಾಲು ಬರೀ ಶೇ 3ರಷ್ಟು. ಶೇ 70ರಷ್ಟನ್ನು ಕೊಟ್ಟವರು ಲೇವಾದೇವಿಗಾರರು. ಆ ಹಿನ್ನೆಲೆಯಲ್ಲಿ ಕಬ್ಬಿನ ಬಿಲ್ಲೆಂಬ ಖಾತರಿ ಇದ್ದ ಮಂಡ್ಯದ ರೈತ ಭಾಗ್ಯವಂತ. ಹರಿವಿನ ಈ ದಿಕ್ಕು ಮುಂದೆ ತಿರುಗಿತು ಎಂಬುದನ್ನು ನೆನಪಿನಲ್ಲಿಡಬೇಕು.

1970ರ ದಶಕದಲ್ಲಿ ಬಡ್ಡಿಗೆ ಇನ್ನೊಂದು ಮುಖ ಕಾಣಿಸಿತು. 1974ರಲ್ಲಿ ದೇಶದ ಬೆಲೆ ಏರಿಕೆ ಶೇ 25 ದಾಟಿತ್ತು. ಶೇ 10–12ಕ್ಕೆ ಬ್ಯಾಂಕಿನಲ್ಲಿ, ಸೊಸೈಟಿಯಲ್ಲಿ ಸಾಲ ಮಾಡಿದ್ದವನಿಗೆ ಆ ವರ್ಷ ಬಡ್ಡಿ ನೈಜವಾಗಿ ಸೊನ್ನೆಗಿಂತ ಬಹಳ ಕೆಳಗೆ. ಸಾಲ ಸಿಕ್ಕವರಿಗೆ ಅದು ವರ, ಬ್ಯಾಂಕಿನ ಮೆಟ್ಟಿಲು ಹತ್ತಲಾಗದವರಿಗೆ ಏನೂ ಅಲ್ಲ. ದೇವರಾಜ ಅರಸು ಸರ್ಕಾರ 1976ರಲ್ಲಿ ಋಣ ಪರಿಹಾರ ಕಾಯ್ದೆ ತಂದು ಸಣ್ಣ ರೈತರು, ಭೂಹೀನ ಕಾರ್ಮಿಕರು ಮುಂತಾದವರ ಖಾಸಗಿ ಸಾಲಗಳನ್ನು ಮನ್ನಾ ಮಾಡಿತು. ನಂತರ 1990, 2008, 2018ರಲ್ಲಿ ಬೇರೆಬೇರೆ ಸರ್ಕಾರಗಳು ಸಾಲ ಮನ್ನಾ ಮಾಡಿದವು. ಒಂದು ಸಲ ಮನ್ನಾ ಆದ ಸಾಲದ ನೈಜ ಬಡ್ಡಿ ಮೈನಸ್ ನೂರು ಎಂದೇ ಹೇಳಬಹುದು. ಆದರೆ ಮನ್ನಾ ಆಗುವುದು ಹಿಂದಿನ ಸಾಲ. ಮುಂದಿನ ಸಾಲದ ದರವನ್ನು ಅದು ನಿರ್ಧರಿಸುವುದಿಲ್ಲ. ಮನ್ನಾ ಪಟ್ಟಿಯಲ್ಲಿ ಹೆಸರು ಬರುವವರೆಗೆ ಹೊಸ ಸಾಲ ಹುಟ್ಟದೆ, ಆ ಮಧ್ಯದ ತಿಂಗಳುಗಳನ್ನು ರೈತ ಕೈಸಾಲದಲ್ಲೇ ದಾಟಿಸಬೇಕಾಗುತ್ತದೆ.

ಸೊನ್ನೆಯ ಒಳಗೆ ಏನಿದೆ

ಕರ್ನಾಟಕದ ಸಹಕಾರಿ ಬೆಳೆ ಸಾಲದ ಬಡ್ಡಿ 2000ದ ದಶಕದುದ್ದಕ್ಕೂ ಮೆಟ್ಟಿಲು ಮೆಟ್ಟಿಲಾಗಿ ಇಳಿದು, 2011–12ರಲ್ಲಿ ಶೇ 1ಕ್ಕೆ, ಮರುವರ್ಷ ಒಂದು ಲಕ್ಷದವರೆಗಿನ ಸಾಲಕ್ಕೆ ಸೊನ್ನೆಗೆ ಬಂತು. ಆ ಮಿತಿ ಮುಂದೆ 3 ಲಕ್ಷಕ್ಕೆ, 2023ರ ಬಜೆಟ್‌ನಲ್ಲಿ 5 ಲಕ್ಷಕ್ಕೆ ಏರಿತು. ಬೆಲೆ ಏರಿಕೆ ಶೇ 5 ಇರುವಾಗ ಸೊನ್ನೆ ಬಡ್ಡಿಯೆಂದರೆ ನೈಜ ಬಡ್ಡಿ ಮೈನಸ್ 5: ಒಂದು ಲಕ್ಷ ತೆಗೆದುಕೊಂಡು ವರ್ಷದ ಮೇಲೆ 95 ಸಾವಿರದಷ್ಟು ಬೆಲೆಯ ಹಣ ಹಿಂದಿರುಗಿಸಿದಂತೆ. ಇಷ್ಟು ಉದಾರವಾದ ಸಾಲ ಜಗತ್ತಿನಲ್ಲಿ ಹೆಚ್ಚು ಕಡೆ ಇಲ್ಲ. ಹಾಗಿದ್ದೂ 2019ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ಕರ್ನಾಟಕದ ಕೃಷಿ ಕುಟುಂಬಗಳ ಮೂರರಲ್ಲಿ ಎರಡು ಸಾಲದಲ್ಲಿದ್ದವು. ಒಂದು ಕುಟುಂಬದ ಸರಾಸರಿ ಸಾಲ ಸುಮಾರು 1 ಲಕ್ಷ 26 ಸಾವಿರ, ದೇಶದ ಸರಾಸರಿಯಾದ 74 ಸಾವಿರಕ್ಕಿಂತ ಬಹಳ ಹೆಚ್ಚು. ಸೊನ್ನೆಯ ಸಾಲ ಇಷ್ಟು ವರ್ಷ ಸಿಕ್ಕಿದ ಮೇಲೂ ಮೂರು ರೂಪಾಯಿ ಬಡ್ಡಿ ಏಕೆ ಸಾಯಲಿಲ್ಲ?

ಮೊದಲ ಕಾರಣ ಅಳತೆಗೋಲಿನಲ್ಲಿದೆ. ಕಬ್ಬಿಗೆ ಕೇಂದ್ರ ನಿಗದಿ ಮಾಡುವ ಎಫ್‌ಆರ್‌ಪಿ, ಅಂದರೆ ನ್ಯಾಯಸಮ್ಮತ ಮತ್ತು ಲಾಭದಾಯಕ ಬೆಲೆ, 2009–10ರಲ್ಲಿ ಕ್ವಿಂಟಲಿಗೆ 129.84 ರೂಪಾಯಿ ಇದ್ದದ್ದು 2013–14ಕ್ಕೆ 210 ರೂಪಾಯಿ ಆಯಿತು, ವರ್ಷಕ್ಕೆ ಶೇ 12ಕ್ಕಿಂತ ಹೆಚ್ಚಿನ ಏರಿಕೆ. ಬಡ್ಡಿ ಶೇ 3ರಿಂದ ಸೊನ್ನೆಗೆ ಇಳಿದದ್ದೂ ಆ ವರ್ಷಗಳಲ್ಲೇ. ಕಬ್ಬಿನಲ್ಲಿ ಅಳೆದರೆ ಆ ಸಾಲದ ನೈಜ ಬಡ್ಡಿ ಮೈನಸ್ 10ರ ಆಚೆ. ಅಲ್ಲಿಂದ ಮುಂದೆ ಕಥೆ ಬೇರೆ. 2015–16ರಲ್ಲಿ ಶೇ 9.5 ಸಕ್ಕರೆ ಇಳುವರಿಗೆ 230 ರೂಪಾಯಿ ಇತ್ತು. 2024–25ರ ಎಫ್‌ಆರ್‌ಪಿ 340 ಎಂದು ಪತ್ರಿಕೆಗಳಲ್ಲಿ ಬಂದರೂ ಅದು ಶೇ 10.25 ಸಕ್ಕರೆ ಇಳುವರಿಯ ಲೆಕ್ಕ, ಶೇ 9.5 ಅಥವಾ ಕಡಿಮೆ ಇಳುವರಿಗೆ ಸಿಗುವುದು 315.10. ಒಂಬತ್ತು ವರ್ಷದಲ್ಲಿ ಶೇ 37ರ ಏರಿಕೆ, ವರ್ಷಕ್ಕೆ ಶೇ 3.6ರಷ್ಟು. ಅದೇ ಅವಧಿಯಲ್ಲಿ ಗ್ರಾಹಕ ಬೆಲೆಗಳು ಶೇ 50ಕ್ಕೂ ಹೆಚ್ಚು, ವರ್ಷಕ್ಕೆ ಶೇ 5ರ ಹತ್ತಿರ ಏರಿದವು. ಅಂದರೆ ದೆಹಲಿ, ಮುಂಬಯಿಯ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕುವ ನೈಜ ಬಡ್ಡಿಗಿಂತ ಕಬ್ಬು ಬೆಳೆಗಾರನ ನೈಜ ಬಡ್ಡಿ ಪ್ರತಿವರ್ಷ ಒಂದೂವರೆ ಅಂಶದಷ್ಟು ಹೆಚ್ಚು. ಒಂದು ವರ್ಷಕ್ಕೆ ಇದು ಸಣ್ಣದು, ಒಂಬತ್ತು ವರ್ಷಕ್ಕೆ ಕಬ್ಬಿನ ಕೊಳ್ಳುವ ಶಕ್ತಿಯಲ್ಲಿ ಶೇ 11ರಷ್ಟು ಖೋತಾ.

ಎರಡನೆಯ ಕಾರಣ ಅದಕ್ಕಿಂತ ದೊಡ್ಡದು, ಅದು ದಿನಾಂಕ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ ಸೇರಿಸಬೇಕು. 2015ರ ಏಪ್ರಿಲ್‌ನಲ್ಲಿ ದೇಶದ ಕಾರ್ಖಾನೆಗಳು ರೈತರಿಗೆ ಕೊಡಬೇಕಿದ್ದ ಬಾಕಿ ಸುಮಾರು 21 ಸಾವಿರ ಕೋಟಿ ರೂಪಾಯಿ. ಎಫ್‌ಆರ್‌ಪಿ ವೇಗವಾಗಿ ಏರಿದ್ದ ವರ್ಷಗಳ ಬೆನ್ನಿಗೇ ಸಕ್ಕರೆ ಬೆಲೆ ಬಿದ್ದಿತ್ತು. ಬೆಲೆ ಕಾಗದದಲ್ಲಿತ್ತು, ಹಣ ಕಾರ್ಖಾನೆಯಲ್ಲಿತ್ತು. ಆ ವರ್ಷದ ಬೇಸಿಗೆ, ಮಳೆಗಾಲಗಳಲ್ಲಿ ಮಂಡ್ಯ ಜಿಲ್ಲೆಯ ರೈತರ ಆತ್ಮಹತ್ಯೆಗಳು ರಾಜ್ಯವನ್ನೇ ಅಲುಗಿಸಿದವು. ಬಾಕಿ ಹಣವೆಂದರೆ ರೈತ ಕಾರ್ಖಾನೆಗೆ ಕೊಟ್ಟ ಸಾಲವೇ. ಅವನು ಒಪ್ಪಿ ಕೊಟ್ಟದ್ದಲ್ಲ, ಪತ್ರವಿಲ್ಲ, ಅಡಮಾನವಿಲ್ಲ, ವಸೂಲಿಗೆ ಬರುವ ಏಜೆಂಟರಿಲ್ಲ ಅಷ್ಟೆ. ಎಪ್‌ಸ್ಟೈನ್ ಕಂಡ ಕಾಲದಲ್ಲಿ ಕಾರ್ಖಾನೆಯಿಂದ ರೈತನತ್ತ ಹರಿಯುತ್ತಿದ್ದ ಸಾಲ ಈಗ ರೈತನಿಂದ ಕಾರ್ಖಾನೆಯತ್ತ ಹರಿಯುತ್ತದೆ.

ಇದನ್ನು ಒಂದು ಎಕರೆಯ ಲೆಕ್ಕದಲ್ಲಿ ನೋಡೋಣ. ಎಕರೆಗೆ 40 ಟನ್, ಟನ್ನಿಗೆ 3,151 ರೂಪಾಯಿ ಎಂದಿಟ್ಟುಕೊಂಡರೆ ಬರಬೇಕಾದದ್ದು 1,26,040 ರೂಪಾಯಿ. ಅದು ಆರು ತಿಂಗಳು ತಡವಾಯಿತು, ಆ ಆರು ತಿಂಗಳಿಗೆ ರೈತ ಅಷ್ಟೇ ಮೊತ್ತವನ್ನು ಮೂರು ರೂಪಾಯಿ ಬಡ್ಡಿಗೆ ತಂದ ಎಂದುಕೊಳ್ಳಿ. ಬಡ್ಡಿಯೇ 22,687 ರೂಪಾಯಿ. ಕಾನೂನಿನ ಶೇ 15ರ ಬಡ್ಡಿ ಪೂರ್ತಿ ಸಿಕ್ಕರೂ 9,453 ರೂಪಾಯಿ. ಅದು ತಾನಾಗಿ ಖಾತೆಗೆ ಬಂದು ಬೀಳುವುದಿಲ್ಲ, ಕೇಳಿ, ಅಲೆದು, ಹೋರಾಡಿ ಪಡೆಯಬೇಕು. ಇನ್ನು ಸೊನ್ನೆ ಬಡ್ಡಿಯಿಂದ ಅವನಿಗೆ ಆಗುವ ಉಳಿತಾಯ ಎಷ್ಟು? ಒಂದು ಲಕ್ಷದ ಸಾಲಕ್ಕೆ ಶೇ 7ರಂತೆ ವರ್ಷಕ್ಕೆ 7,000. ಕಾರ್ಖಾನೆಯ ಒಂದು ವಿಳಂಬ ಸರ್ಕಾರದ ಮೂರು ವರ್ಷದ ಸಹಾಯಧನವನ್ನು ನುಂಗಿ ನೀರು ಕುಡಿಯುತ್ತದೆ. ಖಜಾನೆಯಿಂದ ಹೋದ ಹಣ ರೈತನ ಕೈ ಮುಟ್ಟಿ ಕೊನೆಗೆ ಬಡ್ಡಿ ವ್ಯವಹಾರದವನ ಜೇಬು ಸೇರಿತು ಎಂದರೆ ಉತ್ಪ್ರೇಕ್ಷೆಯಲ್ಲ.

ಸೊನ್ನೆಯ ಸಾಲಕ್ಕೂ ಒಂದು ದಿನಾಂಕವಿದೆ. ಗಡುವಿನೊಳಗೆ ಕಟ್ಟಿದರೆ ಮಾತ್ರ ಸೊನ್ನೆ. ದಾಟಿದರೆ ರಿಯಾಯಿತಿ ಕೈತಪ್ಪುತ್ತದೆ, ಬಡ್ಡಿ ಓಡಲು ಶುರುವಾಗುತ್ತದೆ. ಈ ಗಡುವು ಒಂದು ವರ್ಷ. ತನಿ ಕಬ್ಬು ಗದ್ದೆಯಲ್ಲೇ ಹನ್ನೆರಡು ತಿಂಗಳು, ಕೆಲವು ಸಲ ಇನ್ನೂ ಹೆಚ್ಚು ನಿಲ್ಲುತ್ತದೆ. ಆಮೇಲೆ ಕಟಾವಿನ ಸರದಿ ಬರಬೇಕು, ಆಮೇಲೆ ಬಿಲ್ಲು. ಸಾಲದ ಗಡಿಯಾರಕ್ಕೂ ಬೆಳೆಯ ಗಡಿಯಾರಕ್ಕೂ ಹೊಂದಾಣಿಕೆಯೇ ಇಲ್ಲ. ಹೀಗಾಗಿ ಗಡುವಿನ ವಾರದಲ್ಲಿ ಕೈಸಾಲ ತಂದು ಸೊಸೈಟಿಗೆ ಕಟ್ಟಿ, ಕೆಲವು ದಿನದ ಮೇಲೆ ಹೊಸ ಸಾಲ ಬಿಡಿಸಿಕೊಂಡು ಕೈಸಾಲ ತೀರಿಸುವ ವಾಡಿಕೆ ಹಳ್ಳಿಗಳಲ್ಲಿ ಬೆಳೆದಿದೆ. ಪುಸ್ತಕದಲ್ಲಿ ವಸೂಲಾತಿ ಚೆನ್ನಾಗಿ ಕಾಣುತ್ತದೆ; ಆ ಕೆಲವು ದಿನಗಳ ಬಡ್ಡಿ ಯಾವ ಪುಸ್ತಕದಲ್ಲೂ ಕಾಣುವುದಿಲ್ಲ. ಜೊತೆಗೆ ಸಾಲಕ್ಕೆ ಪಹಣಿ ಬೇಕು. ಗುತ್ತಿಗೆಗೆ, ವಾರಕ್ಕೆ ಮಾಡುವವನ ಹೆಸರಿನಲ್ಲಿ ಪಹಣಿ ಇಲ್ಲ, ಹಾಗಾಗಿ ಅವನಿಗೆ ಸೊನ್ನೆ ಬಡ್ಡಿಯೂ ಇಲ್ಲ. ಒಬ್ಬ ಮನುಷ್ಯನ ಬಡ್ಡಿ ಅವನ ಮೊದಲ ಸಾಲದ ದರವಲ್ಲ, ಕೊನೆಯ ಸಾಲದ ದರ. ಗೊಬ್ಬರ ಹಾಕಬೇಕೋ ಬೇಡವೋ, ಮಗಳ ಫೀಸು ಕಟ್ಟಬೇಕೋ ಬೇಡವೋ, ಬೆಲ್ಲವನ್ನು ಇಂದೇ ಮಾರಬೇಕೋ ಕಾಯಬೇಕೋ ಎಂಬ ತೀರ್ಮಾನ ಆಗುವುದು ಕೊನೆಯ ನೂರು ರೂಪಾಯಿ ಯಾವ ದರಕ್ಕೆ ಸಿಗುತ್ತದೆ ಎಂಬುದರ ಮೇಲೆ. ಕಾರ್ಖಾನೆ ಹಣಕ್ಕೆ ಕಾಯಲಾಗದವನು ಕಡಿಮೆ ಬೆಲೆಗಾದರೂ ಆಲೆಮನೆಗೆ ಕಬ್ಬು ಹೊಡೆಯುವುದು ಇದೇ ಲೆಕ್ಕದಿಂದ. ಆಲೆಮನೆಯ ಕೈಮೇಲಿನ ಹಣಕ್ಕೂ ಕಾರ್ಖಾನೆಯ ತಡವಾದ ಹಣಕ್ಕೂ ನಡುವಿನ ಅಂತರ ಶುದ್ಧ ಬಡ್ಡಿ.

ಮದ್ದೂರಿನ ಎಳನೀರು, ಮಳವಳ್ಳಿಯ ಗೂಡು

ಬೆಳೆಯೇ ಬಡ್ಡಿಯನ್ನು ನಿರ್ಧರಿಸುತ್ತದೆ ಎಂಬುದಕ್ಕೆ ಜಿಲ್ಲೆಯೊಳಗೇ ಪುರಾವೆ ಇದೆ. ಮದ್ದೂರಿನ ಎಳನೀರು ಮಾರುಕಟ್ಟೆ ದೇಶದಲ್ಲೇ ದೊಡ್ಡದೆಂದು ಹೆಸರಾದದ್ದು. ತೆಂಗಿನ ಮರ ವರ್ಷಕ್ಕೆ ಹಲವು ಸಲ ಕಾಸು ಕೊಡುತ್ತದೆ. ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಜಿಲ್ಲಾ ಹಾಲು ಒಕ್ಕೂಟವಿದೆ. ಡೇರಿಗೆ ಹಾಕಿದ ಹಾಲಿನ ಬಟವಾಡೆ ವರ್ಷಗಟ್ಟಲೆ ಕಾಯಿಸುವುದಿಲ್ಲ. ವಾರದ ಸಂಘದ ಕಂತು ಎಷ್ಟೋ ಮನೆಗಳಲ್ಲಿ ಹಾಲಿನ ದುಡ್ಡಿನಿಂದಲೇ ಹೋಗುವುದು ಆಕಸ್ಮಿಕವಲ್ಲ. ಮಳವಳ್ಳಿ ನಾಲೆಯ ಕೊನೆಯಂಚಿನ ತಾಲ್ಲೂಕು; ನೀರು ಅಲ್ಲಿಗೆ ತಡವಾಗಿ ಬರುತ್ತದೆ, 2023ರಂಥ ಬರದ ವರ್ಷದಲ್ಲಿ ಬಂದರೆ ಬಂತು. ಆದರೆ ಅಲ್ಲಿ ರೇಷ್ಮೆ ಇದೆ. ಹುಳು ಸಾಕಿದ ಒಂದು ತಿಂಗಳಿಗೆಲ್ಲ ಗೂಡು ಮಾರುಕಟ್ಟೆಗೆ ಹೋಗುತ್ತದೆ. ಮೂರು ರೂಪಾಯಿ ಬಡ್ಡಿಗೇ ತಂದರೂ ರೇಷ್ಮೆ ಸಾಕುವವನು ಅದನ್ನು ಒಂದೆರಡು ತಿಂಗಳಲ್ಲಿ ತೀರಿಸಿ ನೂರಕ್ಕೆ ಮೂರೋ ಆರೋ ರೂಪಾಯಿ ಕಟ್ಟಿ ಪಾರಾಗುತ್ತಾನೆ. ಕಬ್ಬಿನವನು ಅದೇ ದರದಲ್ಲಿ ಹದಿನೈದು ತಿಂಗಳು ಹೊತ್ತು 45 ರೂಪಾಯಿ ಕಟ್ಟುತ್ತಾನೆ. ಒಂದೇ ದರ, ಒಂದೇ ಸಾಹುಕಾರ, ಭಾರ ಹತ್ತು ಪಟ್ಟು ಬೇರೆ. ಹಸಿರು ಗದ್ದೆಯ ರೈತ ಒಣಭೂಮಿಯ ರೈತನಿಗಿಂತ ಹೆಚ್ಚು ಸಾಲದಲ್ಲಿ ಮುಳುಗುವುದು ಹೇಗೆ ಎಂಬ ಒಗಟಿಗೆ ಉತ್ತರ ಈ ತಿಂಗಳುಗಳ ಲೆಕ್ಕದಲ್ಲಿದೆ.

ಭೂಮಿಯನ್ನು ಭೋಗ್ಯಕ್ಕೆ ಹಾಕುವ ಪದ್ಧತಿಯನ್ನೂ ಇಲ್ಲಿ ಗಮನಿಸಬೇಕು. ಅದರಲ್ಲಿ ರೂಪಾಯಿ ಬಡ್ಡಿಯೇ ಇಲ್ಲ; ಅಸಲು ತೀರುವವರೆಗೆ ಜಮೀನಿನ ಫಸಲೇ ಬಡ್ಡಿ. ಬೆಲೆ ಏರಿದಾಗ ಫಸಲಿನ ಬೆಲೆಯೂ ಏರುವುದರಿಂದ ಹಣ ಕೊಟ್ಟವನಿಗೆ ನಷ್ಟವಿಲ್ಲ, ಅಸಲು ಮಾತ್ರ ವರ್ಷದಿಂದ ವರ್ಷಕ್ಕೆ ಹಗುರವಾಗುತ್ತ ಹೋಗುತ್ತದೆ. ಬಿಡಿಸಿಕೊಳ್ಳುವ ಶಕ್ತಿ ಇದ್ದವನಿಗೆ ಇದು ಕೈಸಾಲಕ್ಕಿಂತ ಲೇಸು. ಶಕ್ತಿ ಇಲ್ಲದವನು ಮಾತ್ರ ತನ್ನದೇ ಗದ್ದೆಯಲ್ಲಿ ಕೂಲಿಯಾಗುತ್ತಾನೆ. ನೈಜ ಬಡ್ಡಿ ಎಂಬ ಹೆಸರು ಕೇಳದವರೂ ಬೆಲೆ ಏರಿಕೆಯಿಂದ ಪಾರಾಗುವ ಸಾಲವನ್ನು ಎಂದೋ ರೂಪಿಸಿಕೊಂಡಿದ್ದರು.

ಕೆಲವು ಆಕ್ಷೇಪಗಳು

ಮೊದಲ ಆಕ್ಷೇಪ: ಹಾಗಾದರೆ ಸೊನ್ನೆ ಬಡ್ಡಿ ವ್ಯರ್ಥವೇ? ಅಲ್ಲ. ಅದು ಇರದಿದ್ದರೆ ಕೈಸಾಲದ ಮೊತ್ತ ಇನ್ನೂ ದೊಡ್ಡದಿರುತ್ತಿತ್ತು. ಹೊತ್ತಿಗೆ ಹಣ ಸಿಗುವ ಹಾಲು, ರೇಷ್ಮೆ, ತೆಂಗಿನ ಮನೆಗಳಲ್ಲಿ ಅದು ನಿಜಕ್ಕೂ ಸೊನ್ನೆಯಾಗಿಯೇ ಕೆಲಸ ಮಾಡುತ್ತಿದೆ. ನನ್ನ ವಾದ ಅದನ್ನು ತೆಗೆಯಬೇಕೆಂದಲ್ಲ. ಶೇ 1ರಿಂದ ಸೊನ್ನೆಗೆ, ಮೂರು ಲಕ್ಷದಿಂದ ಐದು ಲಕ್ಷಕ್ಕೆ ಎಂಬ ದಿಕ್ಕಿನಲ್ಲಿ ಮಾಡುವ ಪ್ರತಿ ಹೊಸ ಖರ್ಚಿಗೂ ಸಿಗುವ ಫಲ ಈಗ ಸಣ್ಣದಾಗುತ್ತಿದೆ ಎಂಬುದಷ್ಟೆ ನನ್ನ ಮಾತು. ಪಹಣಿ ಇಲ್ಲದವನಿಗೆ, ಗಡುವು ತಪ್ಪಿದವನಿಗೆ ಮಿತಿ ಎಷ್ಟು ಏರಿದರೂ ಅಷ್ಟೆ.

ಎರಡನೆಯದು: ಹೆಚ್ಚಿನ ಬಡ್ಡಿಯನ್ನು ಕಾನೂನಿನಿಂದಲೇ ನಿಲ್ಲಿಸಬಾರದೇಕೆ? ಕಾನೂನುಗಳಿಗೆ ಬರವಿಲ್ಲ. 1961ರ ಲೇವಾದೇವಿ ಕಾಯ್ದೆಯಡಿ ಭದ್ರತೆ ಇರುವ ಸಾಲಕ್ಕೆ ಶೇ 14, ಇಲ್ಲದ ಸಾಲಕ್ಕೆ ಶೇ 16ರ ಮಿತಿ ಇದೆ. ವಿಪರೀತ ಬಡ್ಡಿ ನಿಷೇಧಕ್ಕೆ 2004ರ ಕಾಯ್ದೆ ಇದೆ. ಮೈಕ್ರೋಫೈನಾನ್ಸ್ ವಸೂಲಿಯ ಕಿರುಕುಳಕ್ಕೆ ಹಳೆ ಮೈಸೂರು ಭಾಗ ತತ್ತರಿಸಿದ ಮೇಲೆ 2025ರ ಫೆಬ್ರವರಿಯಲ್ಲಿ ಬಂದ ಸುಗ್ರೀವಾಜ್ಞೆ ಬಲವಂತದ ವಸೂಲಿಗೆ 10 ವರ್ಷದವರೆಗಿನ ಜೈಲು ಶಿಕ್ಷೆ ವಿಧಿಸಿತು. ಮನೆ ಬಾಗಿಲಿಗೆ ಬಂದು ಅವಮಾನ ಮಾಡುವುದನ್ನು ತಡೆಯಲು ಅದು ಬೇಕೇ ಬೇಕು. ಆದರೆ ಕಿರುಕುಳ ತಡೆಯುವುದು ಬೇರೆ, ದರ ಇಳಿಸುವುದು ಬೇರೆ. 2010ರಲ್ಲಿ ಆಂಧ್ರಪ್ರದೇಶ ಕಠಿಣ ಕಾನೂನು ತಂದಾಗ ಅಲ್ಲಿ ಕಿರುಸಾಲದ ವ್ಯವಹಾರ ಬಹುತೇಕ ನಿಂತುಹೋಯಿತು. ಸಾಲದ ಅಗತ್ಯ ನಿಲ್ಲಲಿಲ್ಲ. ಶೇ 24ರ ಬಾಗಿಲು ಮುಚ್ಚಿದರೆ ಜನ ಹೋಗುವುದು ಶೇ 60ರ ಬಾಗಿಲಿಗೆ. ಊರಿನಲ್ಲಿ ಬಡ್ಡಿಗೆ ಕೊಡುವವನೂ ಹಲವು ಸಲ ಸಿನಿಮಾದ ಖಳನಾಯಕನಲ್ಲ, ನಿವೃತ್ತ ನೌಕರ, ಸೈಟು ಮಾರಿದವನು, ಇನ್ನೊಬ್ಬ ರೈತ. 2020–21ರಲ್ಲಿ ಬೆಲೆ ಏರಿಕೆ ಶೇ 6 ದಾಟಿದ್ದಾಗ ದೊಡ್ಡ ಬ್ಯಾಂಕಿನ ಒಂದು ವರ್ಷದ ಠೇವಣಿಗೆ ಶೇ 5ರ ಆಸುಪಾಸು ಬಡ್ಡಿ ಇತ್ತು. ಬ್ಯಾಂಕಿನಲ್ಲಿಟ್ಟ ಹಣ ನೈಜವಾಗಿ ಕರಗುತ್ತಿತ್ತು. ಅಂಥ ವರ್ಷದಲ್ಲಿ ಉಳಿತಾಯದ ಹಣ ಎರಡು ರೂಪಾಯಿ ಬಡ್ಡಿಯ ಕೈಸಾಲಕ್ಕೆ ಹರಿಯುವುದು ಸಹಜ. ಕೊಡುವವನನ್ನು ಹೆದರಿಸಬಹುದು; ಕೇಳುವವನ ತುರ್ತನ್ನು ಹೆದರಿಸಲಾಗದು.

ಮೂರನೆಯದು ಅತಿ ಗಟ್ಟಿಯಾದ ಆಕ್ಷೇಪ: ಕಾರ್ಖಾನೆಗಳ ಬಳಿ ಹಣವಿಲ್ಲದಿದ್ದರೆ 14 ದಿನದಲ್ಲಿ ಕೊಡುವುದೆಲ್ಲಿಂದ? ಸಕ್ಕರೆಯ ಕನಿಷ್ಠ ಮಾರಾಟ ಬೆಲೆ 2019ರಲ್ಲಿ ಕಿಲೋಗೆ 31 ರೂಪಾಯಿಗೆ ನಿಂತ ಮೇಲೆ ಎಫ್‌ಆರ್‌ಪಿ ಮಾತ್ರ ಪದೇಪದೇ ಏರಿತು. ಕಬ್ಬು ಕೆಲವೇ ತಿಂಗಳಲ್ಲಿ ಬರುತ್ತದೆ, ಸಕ್ಕರೆ ವರ್ಷವಿಡೀ ಮಾರಬೇಕು. ಇದರಲ್ಲಿ ಸತ್ಯವಿದೆ. ಮೈಷುಗರ್‌ನಂಥ ಸರ್ಕಾರಿ ಕಾರ್ಖಾನೆ ವರ್ಷಗಳ ಕಾಲ ಬಾಗಿಲು ಹಾಕಿ 2022ರಲ್ಲಿ ಮತ್ತೆ ಅರೆಯಲು ಶುರುಮಾಡಬೇಕಾಯಿತೆಂದರೆ ಉದ್ಯಮದ ಕಷ್ಟ ಕಟ್ಟುಕಥೆಯಲ್ಲ. ಆದರೆ ಪ್ರಶ್ನೆ ಕಾಯುವಿಕೆ ಇದೆಯೇ ಇಲ್ಲವೇ ಎಂಬುದಲ್ಲ, ಕಾಯುವಿಕೆಯ ಖರ್ಚನ್ನು ಯಾರು ಹೊರಬೇಕು ಎಂಬುದು. ಕಾರ್ಖಾನೆಯ ಗೋದಾಮಿನಲ್ಲಿ ಸಕ್ಕರೆ ದಾಸ್ತಾನಿದೆ. ಅದನ್ನು ಅಡವಿಟ್ಟರೆ ಬ್ಯಾಂಕು ರೈತನ ಕೈಸಾಲದ ದರಕ್ಕಿಂತ ಎಷ್ಟೋ ಕಡಿಮೆ ಬಡ್ಡಿಗೆ ಸಾಲ ಕೊಡುತ್ತದೆ. ರೈತನ ಬಳಿ ಅಡವಿಡಲು ಉಳಿದಿರುವುದು ಹೆಂಡತಿಯ ಓಲೆ, ಆಮೇಲೆ ಮಾತು. ಶೇ 12ಕ್ಕೆ ಸಾಲ ಹುಟ್ಟುವವನು ಕಾಯದೆ, ಶೇ 36ಕ್ಕೆ ತರಬೇಕಾದವನನ್ನು ಕಾಯಿಸಿದರೆ ಇಡೀ ಜಿಲ್ಲೆಯ ಲೆಕ್ಕದಲ್ಲಿ ನೂರಕ್ಕೆ 24 ರೂಪಾಯಿ ಸುಮ್ಮನೆ ಪೋಲು. ಇದು ಕರುಣೆಯ ಮಾತಲ್ಲ, ಕೂಡು–ಕಳೆಯುವ ಲೆಕ್ಕ. ಉದ್ಯಮಕ್ಕೆ ನೆರವು ಬೇಕಿದ್ದರೆ ಸರ್ಕಾರ ಆ ಶೇ 12ರಲ್ಲಿ ಸ್ವಲ್ಪ ಹೊರಲಿ. ಅದೇ ಹಣದಲ್ಲಿ ಸೊನ್ನೆ ಬಡ್ಡಿಗಿಂತ ಹೆಚ್ಚು ರೈತರ ಭಾರ ಇಳಿಯುತ್ತದೆ.

ಹಾಗಾದರೆ ಮಾಡಬೇಕಾದದ್ದು ಮೂರು. 14 ದಿನ ದಾಟಿದ ಕೂಡಲೇ ಶೇ 15ರ ಬಡ್ಡಿ ಅರ್ಜಿ, ಧರಣಿ, ಸಭೆಗಳಿಲ್ಲದೆ ಕಬ್ಬಿನ ಬಿಲ್ಲಿನಲ್ಲೇ ಸೇರಿ ಬರಬೇಕು; ಎಲೆಕ್ಟ್ರಾನಿಕ್ ತೂಕ, ಬ್ಯಾಂಕ್ ಖಾತೆ ಎರಡೂ ಇರುವ ಕಾಲದಲ್ಲಿ ಇದಕ್ಕೆ ಬೇಕಾದದ್ದು ಮನಸ್ಸು ಮಾತ್ರ. ಕಬ್ಬಿನ ಮೇಲೆ ಕೊಟ್ಟ ಸೊಸೈಟಿ ಸಾಲದ ಗಡುವು ಸಾಲ ಕೊಟ್ಟ ದಿನದಿಂದಲ್ಲ, ಕಬ್ಬಿನ ಹಣ ಖಾತೆಗೆ ಬಂದ ದಿನದಿಂದ ಎಣಿಕೆಯಾಗಬೇಕು. ಕಾರ್ಖಾನೆ ತಡ ಮಾಡಿದ್ದಕ್ಕೆ ರೈತ ಸುಸ್ತಿದಾರನಾಗಬಾರದು. ಮೂರನೆಯದಾಗಿ, ಕಾರ್ಖಾನೆಯ ತೂಕದ ಚೀಟಿಯನ್ನೇ ಆಧಾರವಾಗಿಟ್ಟು ಬ್ಯಾಂಕು ಮರುದಿನವೇ ಹಣ ಕೊಟ್ಟು, ಬಡ್ಡಿಯನ್ನು ಕಾರ್ಖಾನೆಯಿಂದ ವಸೂಲು ಮಾಡುವ ಏರ್ಪಾಡು ಬೇಕು. ತನ್ನದೇ ನಾಣ್ಯವಿಲ್ಲದ ಮೈಸೂರು ಒಂದು ಕಾಲದಲ್ಲಿ ಬಡ್ಡಿದರವನ್ನು ಬದಲಾಯಿಸಲಾಗದೆ ಬೆಳೆಯನ್ನು ಬದಲಾಯಿಸಿ ರೈತನ ಸಾಲದ ಭಾರ ಇಳಿಸಿತು. ಇಂದಿನ ಕರ್ನಾಟಕಕ್ಕೂ ರಿಸರ್ವ್ ಬ್ಯಾಂಕಿನ ದರದ ಮೇಲಾಗಲಿ, ಜಗತ್ತಿನ ಸಕ್ಕರೆ ಬೆಲೆಯ ಮೇಲಾಗಲಿ ಹಿಡಿತವಿಲ್ಲ. ಕಬ್ಬಿನ ಹಣ ಯಾವ ದಿನ ಬರಬೇಕೆಂಬುದರ ಮೇಲೆ ಹಿಡಿತವಿದೆ. ಮುಂದಿನ ಬಜೆಟ್ಟಿನಲ್ಲಿ ಸೊನ್ನೆ ಬಡ್ಡಿಯ ಮಿತಿಯನ್ನು ಇನ್ನೊಂದು ಲಕ್ಷ ಏರಿಸುವ ಮುನ್ನ ಸರ್ಕಾರ ಆ ದಿನಾಂಕವನ್ನು ಕಾಯ್ದುಕೊಂಡು ತೋರಿಸಲಿ. ಮೂರು ರೂಪಾಯಿ ಬಡ್ಡಿಗೆ ಗಿರಾಕಿಗಳು ಆಗ ತಾವಾಗಿಯೇ ಕಡಿಮೆಯಾಗುತ್ತಾರೆ.